911 ಒತ್ತಿದ ಮೇಲೆ

ದೆಹಲಿಯಲ್ಲಿ ನೆಂಟರಿರುವ ಹಳಬರಿಗೆ ಈ ಸಂಗತಿ ಗೊತ್ತಿರುತ್ತದೆ. ಭಾರತದ ಸಂಕೇತ 91, ದೆಹಲಿಯದು 11. ಮನೆಯ ಲ್ಯಾಂಡ್‌ಲೈನಿನಿಂದ ಫೋನು ಮಾಡುವಾಗ ಮೊದಲಿನ 011 ಮರೆತು ನೇರವಾಗಿ 91-11 ಎಂದು ಒತ್ತಲು ಹೊರಟರೆ ಮೂರನೆಯ ಅಂಕಿಗೇ ಕೆಲಸ ಕೆಟ್ಟಿತು. ಅಮೆರಿಕದ ಫೋನಿಗೆ ಅದು 911! ಆಫೀಸಿನ ಫೋನಿನಲ್ಲಿ ಹೊರಗಿನ ಲೈನಿಗೆಂದು 9 ಒತ್ತಿ, ಆಮೇಲೆ 011 ಒತ್ತುವಾಗ ಸೊನ್ನೆ ತಪ್ಪಿಹೋದರೂ ಅದೇ ಗತಿ. ಬೆಂಗಳೂರಿನ ಸಂಕೇತ 80, ಮೈಸೂರಿನದು 821 ಆಗಿರುವುದರಿಂದ ನಾವು ಕನ್ನಡಿಗರು ಸ್ವಲ್ಪಮಟ್ಟಿಗೆ ಬಚಾವು. ಮೊಬೈಲಿನಲ್ಲಿ ಹೆಸರು ಮುಟ್ಟಿದರೆ ಸಾಕಾದ್ದರಿಂದ ಈಗ ಈ ಎಡವಟ್ಟು ಕಡಿಮೆ.

ತಪ್ಪಿ 911 ಹೋಯಿತು ಎನ್ನಿ. ನಮ್ಮವರು ಸಾಮಾನ್ಯವಾಗಿ ಮಾಡುವುದೇನು? ಹಾವು ತುಳಿದವರಂತೆ ಬೆಚ್ಚಿ ಫೋನು ಕೆಳಗಿಡುವುದು. ಮಾಡಬಾರದ ಕೆಲಸವೆಂದರೆ ಅದೊಂದೇ. ಅರ್ಧಕ್ಕೆ ನಿಂತ ಕರೆಯನ್ನು ಆ ಕಡೆಯವರು ತಪ್ಪು ಕರೆ ಎಂದು ಎಣಿಸುವಂತಿಲ್ಲ. ಯಾರೋ ಫೋನು ಕಿತ್ತುಕೊಂಡಿರಬಹುದು, ಮಾತಾಡುತ್ತಿದ್ದವರು ಕುಸಿದಿರಬಹುದು. ಅವರು ತಿರುಗಿ ಫೋನು ಮಾಡುತ್ತಾರೆ. ಯಾರೂ ಎತ್ತದಿದ್ದರೆ ಪೋಲೀಸರು ಬಾಗಿಲು ತಟ್ಟಬಹುದು. ತಪ್ಪಿ ಹೋಯಿತು, ಇಲ್ಲಿ ಎಲ್ಲರೂ ಕ್ಷೇಮ ಎಂದು ಹೇಳಿ ಇಟ್ಟರೆ ಅರ್ಧ ನಿಮಿಷದಲ್ಲಿ ಮುಗಿಯುವ ವಿಷಯ. ಬೈಗುಳವಿಲ್ಲ, ದಂಡವೂ ಇಲ್ಲ.

ಹಾಗಾದರೆ ಆ ತುದಿಯಲ್ಲಿ ಕೂತವರು ಯಾರು, ಅವರಿಗೆ ನಮ್ಮ ಬಗ್ಗೆ ಏನು ಗೊತ್ತಿರುತ್ತದೆ, ಏನು ಗೊತ್ತಿರುವುದಿಲ್ಲ? ಕಂಪ್ಯೂಟರು ಕುಟ್ಟಿ ಹೊಟ್ಟೆ ಹೊರೆಯುವ ನಮ್ಮಂಥವರೂ ಇದನ್ನು ಯೋಚಿಸುವುದು ಕಡಿಮೆ. ಆದರೆ ಬೇಸಿಗೆ ಬಂತೆಂದರೆ ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ. ನಾವು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಎಪ್ಪತ್ತು ದಾಟಿದ ಇಬ್ಬರು ಹಿರಿಯರು, ಕೆಲವೊಮ್ಮೆ ಜೊತೆಗೊಂದು ಪುಟ್ಟ ಮಗು, ದಿನವಿಡೀ ಒಂಟಿ. 108 ಒತ್ತಿ ಅಭ್ಯಾಸವಾದ ಬೆರಳಿಗೆ 911 ಎಂದು ಹೇಳಿಕೊಟ್ಟರೆ ಸಾಕೇ? ಸಾಲದು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೇ ಈ ಲೇಖನ.

ಉದಾಹರಣೆಗೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯನ್ನೇ ತೆಗೆದುಕೊಳ್ಳೋಣ. ಸಿಲಿಕಾನ್ ಕಣಿವೆ ಎಂದರೆ ಹೆಚ್ಚುಕಡಿಮೆ ಇದೇ, ಕನ್ನಡಿಗರಿಗೂ ಕೊರತೆಯಿಲ್ಲ. ಹದಿನೈದು ನಗರಗಳು, ಸುಮಾರು 19 ಲಕ್ಷ ಜನ. ಇಡೀ ಕೌಂಟಿಯ 911 ಕರೆಗಳೆಲ್ಲ ಒಂದೇ ಕಟ್ಟಡಕ್ಕೆ ಹೋಗುತ್ತವೆ ಎಂದು ನೀವು ಎಣಿಸಿದ್ದರೆ, ಹಾಗೇನಿಲ್ಲ. ಸ್ಯಾನ್ ಹೋಸೆಗೆ ಅದರದೇ ಕೇಂದ್ರ, ಸನ್ನಿವೇಲ್‌ಗೆ ಅದರದೇ, ಮೌಂಟನ್ ವ್ಯೂಗೆ, ಮಿಲ್ಪಿಟಾಸ್‌ಗೆ, ಗಿಲ್‌ರಾಯ್‌ಗೆ ಅವುಗಳದೇ. ಹೀಗೆ ಕರೆ ಎತ್ತುವ ಜಾಗಗಳು ಹತ್ತಕ್ಕೂ ಮೇಲ್ಪಟ್ಟು. ಸ್ವಂತ ಪೋಲೀಸು ಇಲ್ಲದೆ ಕೌಂಟಿಯ ಶೆರಿಫ್ ಜೊತೆ ಒಪ್ಪಂದ ಮಾಡಿಕೊಂಡ ಕ್ಯೂಪರ್ಟಿನೋ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್ ಊರುಗಳ ಕರೆ ಮಾತ್ರ ಕೌಂಟಿ ಕಮ್ಯುನಿಕೇಶನ್ಸ್ ಎಂಬ ಕೌಂಟಿಯ ಕೇಂದ್ರಕ್ಕೆ ಹೋಗುತ್ತದೆ. ಶೆರಿಫ್‌ನ ಕಾರುಗಳನ್ನು, ಕೌಂಟಿಯ ಅಗ್ನಿಶಾಮಕ ದಳವನ್ನು, ಆಂಬುಲೆನ್ಸುಗಳನ್ನು ಓಡಿಸುವ ಮಾತು ಹೊರಡುವುದು ಅಲ್ಲಿಂದ.

ಸನ್ನಿವೇಲ್‌ನದು ಇನ್ನೂ ಒಂದು ತಮಾಷೆ. ಅಲ್ಲಿ 1950ರಿಂದ ಪೋಲೀಸು, ಅಗ್ನಿಶಾಮಕ ಎರಡೂ ಒಂದೇ ಇಲಾಖೆ. ಒಬ್ಬನೇ ಅಧಿಕಾರಿಗೆ ಕಳ್ಳನನ್ನು ಹಿಡಿಯುವ ತರಬೇತಿಯೂ ಉಂಟು, ಬೆಂಕಿ ಆರಿಸುವ ತರಬೇತಿಯೂ ಉಂಟು. ಕ್ಯೂಪರ್ಟಿನೋ ಮತ್ತು ಸನ್ನಿವೇಲ್ ನಡುವೆ ಬಹುಮಟ್ಟಿಗೆ ಹೋಮ್‌ಸ್ಟೆಡ್ ರಸ್ತೆಯೇ ಗಡಿ. ರಸ್ತೆಯ ಈ ಬದಿಯ ಮನೆಯಿಂದ ಮಾಡಿದ ಕರೆ ಒಂದು ಸರ್ಕಾರಕ್ಕೆ, ಎದುರುಮನೆಯ ಕರೆ ಇನ್ನೊಂದಕ್ಕೆ. ಈ ಗಡಿಯ ವಿಷಯ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇತಿಹಾಸ ಎರಡೇ ಮಾತಿನಲ್ಲಿ. ಲಂಡನ್ನಿನಲ್ಲಿ 999 ಶುರುವಾದದ್ದು 1937ರಲ್ಲಿ. ಅಮೆರಿಕದಲ್ಲಿ ಮೊದಲ 911 ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮಾದ ಹೇಲಿವಿಲ್ ಎಂಬ ಪುಟ್ಟ ಊರಿನಲ್ಲಿ. ಎಟಿ ಅಂಡ್ ಟಿ ಕಂಪನಿ 911 ತರುತ್ತೇವೆಂದು ಘೋಷಿಸಿ ಇನ್ನೂ ತಿಂಗಳು ಕಳೆದಿತ್ತಷ್ಟೆ. ಅಲ್ಲಿನ ಸಣ್ಣ ಟೆಲಿಫೋನು ಕಂಪನಿ ದೊಡ್ಡಣ್ಣನಿಗಿಂತ ಮೊದಲು ಮಾಡಿ ತೋರಿಸಿತು. ನಮ್ಮ ಕರ್ನಾಟಕಕ್ಕೆ 108 ಬಂದದ್ದು 2008ರಲ್ಲಿ.

ಈಗ ಮುಖ್ಯ ವಿಷಯ. 911 ಎತ್ತಿದವರು ಮೊದಲು ಕೇಳುವುದು ಏನಾಯಿತು ಎಂದಲ್ಲ, ಎಲ್ಲಿ ಎಂದು. ನಮ್ಮ ಅನೇಕ ಹಿರಿಯರಿಗೆ ಇದು ಒರಟಾಗಿ ಕಾಣುತ್ತದೆ. ಇಲ್ಲಿ ಜೀವ ಹೋಗುತ್ತಿದೆ, ಇವರು ವಿಳಾಸ ಕೇಳುತ್ತಾರಲ್ಲ ಎಂದು. ಕಾರಣ ಸರಳ: ಈ ಕ್ಷಣ ಫೋನು ಕಡಿದುಹೋದರೂ ವಿಳಾಸ ಒಂದಿದ್ದರೆ ಯಾರನ್ನಾದರೂ ಕಳಿಸಬಹುದು. ಉಳಿದೆಲ್ಲ ಗೊತ್ತಿದ್ದು ವಿಳಾಸ ಗೊತ್ತಿಲ್ಲದಿದ್ದರೆ ಕಳಿಸುವುದೆಲ್ಲಿಗೆ?

ಅವರಿಗೆ ಪರದೆಯ ಮೇಲೆ ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ಗೋಡೆಗೆ ತಂತಿಯಿಂದ ಅಂಟಿಕೊಂಡಿದ್ದ ಹಳೆಯ ಫೋನಿನ ಕಾಲದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ನಂಬರಿಗೊಂದು ವಿಳಾಸ, ಒಂದು ಡೇಟಾಬೇಸು. ಕರೆಯ ಹಿಂದೆಯೇ ವಿಳಾಸವೂ ಬರುತ್ತಿತ್ತು. ಮೊಬೈಲು ಬಂದು ಈ ಲೆಕ್ಕ ತಲೆಕೆಳಗಾಯಿತು. ಈಗ ದೇಶದ ಅನೇಕ ಕಡೆ ನೂರಕ್ಕೆ ಎಂಬತ್ತು ಅಥವಾ ಹೆಚ್ಚು 911 ಕರೆಗಳು ಮೊಬೈಲಿನಿಂದ. ಕ್ಯಾಲಿಫೋರ್ನಿಯಾದಲ್ಲಿ ಮೊಬೈಲಿನ ಮೊದಲ ವರ್ಷಗಳಲ್ಲಿ ಇಂಥ ಕರೆಗಳು ಹೆದ್ದಾರಿ ಪೋಲೀಸರಿಗೆ ಹೋಗುತ್ತಿದ್ದವು. ಕ್ಯೂಪರ್ಟಿನೋದ ಅಡುಗೆಮನೆಯಲ್ಲಿ ಒತ್ತಿದ ಕರೆಯನ್ನು ಕೊಲ್ಲಿಯ ಆಚೆ ತುದಿಯ ವಲೇಹೋ ಊರಿನಲ್ಲಿ ಎತ್ತುತ್ತಿದ್ದರು. ಆಮೇಲೆ ಅದು ಊರಿನ ಕೇಂದ್ರಗಳ ಕಡೆಗೆ ತಿರುಗಿತು. ಆದರೂ ಬಹುಕಾಲ ದಾರಿ ತೋರಿಸುತ್ತಿದ್ದುದು ನೀವು ನಿಂತ ಜಾಗವಲ್ಲ, ನಿಮ್ಮ ಫೋನು ಹಿಡಿದುಕೊಂಡ ಟವರು. ಟವರಿಗೆ ಹೋಮ್‌ಸ್ಟೆಡ್ ರಸ್ತೆಯ ಗಡಿ ಗೊತ್ತೇ? ಆ ಬದಿಯ ಕರೆ ಈ ಕೇಂದ್ರಕ್ಕೆ ಬರುತ್ತಿತ್ತು, ಅವರು ವಿಳಾಸ ಕೇಳಿ ಅತ್ತ ದಾಟಿಸುತ್ತಿದ್ದರು. ಫೋನು ಇರುವ ಜಾಗ ನೋಡಿಯೇ ಕರೆಯನ್ನು ಕಳಿಸಬೇಕೆಂದು ಎಫ್‌ಸಿಸಿ ನಿಯಮ ಮಾಡಿದ್ದು 2024ರ ಜನವರಿಯಲ್ಲಿ. ಟ್ಯಾಕ್ಸಿ ಕರೆಯುವ ಆ್ಯಪುಗಳು ನಮ್ಮನ್ನು ಗೇಟಿನ ಮುಂದೆಯೇ ಹುಡುಕಲು ಕಲಿತು ಎಷ್ಟೋ ವರ್ಷವಾದ ಮೇಲೆ!

ಈಗಿನ ಫೋನುಗಳು ತಮ್ಮ ಜಾಗವನ್ನು ಕೇಂದ್ರಕ್ಕೆ ತಾವೇ ತಿಳಿಸುತ್ತವೆ. ಐಫೋನಿನಲ್ಲಿ ಇದು ಬಂದದ್ದು 2018ರಲ್ಲಿ. ಆದರೂ ಪರದೆಯ ಮೇಲಿನ ಆ ಚುಕ್ಕೆ ಅಂದಾಜೇ. ನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಚುಕ್ಕೆ ಒಂದೇ, ಬಾಗಿಲು ನಲವತ್ತು. ಮನೆಯ ನಂಬರು, ಕಟ್ಟಡದ ನಂಬರು, ಗೇಟಿನ ಕೋಡು ಬಾಯಿಂದಲೇ ಬರಬೇಕು.

ಇಲ್ಲಿ ನಮ್ಮವರಿಗೆಂದೇ ಇರುವ ಒಂದು ಹಳ್ಳವಿದೆ. ಊರಿಗೆ ಅಗ್ಗದಲ್ಲಿ ಮಾತಾಡಲು ನಾವೆಲ್ಲ ಇಂಟರ್‌ನೆಟ್ ಫೋನು ಹಾಕಿಸಿಕೊಂಡವರು. ಅಂಥ ಫೋನಿನಿಂದ 911 ಒತ್ತಿದರೆ ಹೋಗುವುದು ನಾವು ನೋಂದಾಯಿಸಿದ ವಿಳಾಸ. ಕಂಪನಿಗಳು ಈ ವ್ಯವಸ್ಥೆ ಕೊಡಲೇಬೇಕೆಂದು 2005ರಲ್ಲಿ ಎಫ್‌ಸಿಸಿ ಕಡ್ಡಾಯ ಮಾಡಿತು. ಆದರೆ ಮನೆ ಬದಲಾಯಿಸಿದಾಗ ಆ ಪೆಟ್ಟಿಗೆಯನ್ನು ಹೊಸ ಮನೆಯ ಗೋಡೆಗೆ ಚುಚ್ಚಿದರೆ ಅದು ಊರಿಗೆ ಚೆನ್ನಾಗಿಯೇ ಮಾತಾಡುತ್ತದೆ. ವಿಳಾಸ ಬದಲಿಸಬೇಕೆಂದು ಅದೇನೂ ಬಾಯಿಬಿಟ್ಟು ಹೇಳುವುದಿಲ್ಲ. ಕರೆ ಮಾಡಿದವರಿಗೆ ಮಾತಾಡಲಾಗದಿದ್ದರೆ ಆಂಬುಲೆನ್ಸು ಹೋಗುವುದು ಹಳೆಯ ಮನೆಗೆ. ಇದನ್ನು ಓದುತ್ತಿರುವಾಗಲೇ ನಿಮ್ಮ ಖಾತೆ ತೆರೆದು ನೋಡಿ, ಲೇಖನ ಕಾಯುತ್ತದೆ.

ರಸ್ತೆಯ ಹೆಸರುಗಳ ಗೋಜಲು ಬೇರೆ. ಸ್ಟೀವನ್ಸ್ ಕ್ರೀಕ್ ಬೂಲವಾರ್ಡ್ ಕ್ಯೂಪರ್ಟಿನೋ, ಸಾಂಟಾ ಕ್ಲಾರಾ, ಸ್ಯಾನ್ ಹೋಸೆ ಮೂರೂ ಊರುಗಳಲ್ಲಿ ಹರಿಯುತ್ತದೆ. ಡಿ ಆನ್ಜಾ ಬೂಲವಾರ್ಡ್ ಉತ್ತರಕ್ಕೆ ಹೋದಂತೆ ಸನ್ನಿವೇಲ್-ಸಾರಟೋಗ ರಸ್ತೆ, ದಕ್ಷಿಣಕ್ಕೆ ಹೋದರೆ ಸಾರಟೋಗ-ಸನ್ನಿವೇಲ್ ರಸ್ತೆ! ಆದ್ದರಿಂದ ಅವರು ಊರಿನ ಹೆಸರನ್ನೂ ಕೇಳುತ್ತಾರೆ, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿಸುತ್ತಾರೆ. ಕಿವಿ ಮಂದವೆಂದಲ್ಲ, ಹೇಳಿದ ವಿಳಾಸವನ್ನು ಕಂಪ್ಯೂಟರಿನ ನಕ್ಷೆ ಒಪ್ಪಬೇಕು.

ವಿಳಾಸವಾದ ಮೇಲೆ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಏನಾಯಿತು, ವಯಸ್ಸೆಷ್ಟು, ಎಚ್ಚರವಿದೆಯೇ, ಉಸಿರಾಟ ಸರಿಯಾಗಿದೆಯೇ? ಮೊದಲು ಆಂಬುಲೆನ್ಸು ಕಳಿಸಿ, ಆಮೇಲೆ ಪ್ರಶ್ನೆ ಕೇಳಿ ಎಂದು ಕೂಗಾಡುವುದು ಇಲ್ಲಿಯೇ. ನಮ್ಮ ಬಳಗದಲ್ಲಿ ಈ ವಿಷಯ ಮಾತಿಗೆ ಬಂದಾಗಲೆಲ್ಲ ಒಬ್ಬರಾದರೂ ಈ ದೂರು ಹೇಳಿಯೇ ಹೇಳುತ್ತಾರೆ. ಆದರೆ ಒಳಗೆ ನಡೆಯುವುದು ಬೇರೆ.

ಕೇಂದ್ರದಲ್ಲಿ ಕರೆ ಎತ್ತುವವರು ಒಬ್ಬರು, ಗಾಡಿ ಓಡಿಸುವವರು ಇನ್ನೊಬ್ಬರು. ಸಣ್ಣ ಊರಿನಲ್ಲಿ ಇಬ್ಬರೂ ಒಬ್ಬರೇ ಆಗಿರಬಹುದು. ದೊಡ್ಡ ಕೌಂಟಿಯಲ್ಲಿ ಬೇರೆ ಬೇರೆ. ಎತ್ತಿದವರು ನಿಮ್ಮೊಡನೆ ಮಾತಾಡುತ್ತಲೇ ಟೈಪು ಮಾಡುತ್ತಿರುತ್ತಾರೆ. ವಿಳಾಸ ಮತ್ತು ಎದೆನೋವು ಎಂಬಷ್ಟು ಸಿಕ್ಕಿದ ಕೂಡಲೇ ಒಂದು ಕೀಲಿ ಒತ್ತಿದರೆ ಅದು ಕ್ಯಾಡ್ ಎಂಬ ತಂತ್ರಾಂಶದ ಮೂಲಕ ಡಿಸ್‌ಪ್ಯಾಚರ್ ಮುಂದಿನ ಪರದೆಗೆ ಹೋಗುತ್ತದೆ. ಯಾವ ಗಾಡಿ ಎಲ್ಲಿದೆ, ಯಾವುದು ಖಾಲಿ ಇದೆ, ಯಾವುದು ಹತ್ತಿರ ಎಂದು ಕ್ಯಾಡ್ ಸೂಚಿಸುತ್ತದೆ, ಡಿಸ್‌ಪ್ಯಾಚರ್ ರೇಡಿಯೋದಲ್ಲಿ ಕರೆಯುತ್ತಾರೆ. ನೀವು ಮೂರನೆಯ ಪ್ರಶ್ನೆಗೆ ಸಿಟ್ಟಾಗುವ ಹೊತ್ತಿಗೆ ಗಾಡಿ ಹೊರಟಿರಬಹುದು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ನೀವು ನೋಡುತ್ತಿರುವುದು ಒಂದು ಥ್ರೆಡ್ಡು, ಹಿಂದೆ ಇನ್ನೊಂದು ಓಡುತ್ತಿದೆ. ನಿಮ್ಮ ಒಂದೊಂದು ಉತ್ತರವೂ ದಾರಿಯಲ್ಲಿರುವವರ ಪರದೆಗೆ ಸೇರುತ್ತಾ ಹೋಗುತ್ತದೆ. ಬಾಗಿಲು ಬೀಗ ಹಾಕಿದೆ, ಮನೆಯಲ್ಲಿ ನಾಯಿಯಿದೆ, ರೋಗಿ ಮಾಳಿಗೆಯ ಮೇಲಿದ್ದಾರೆ... ಎಲ್ಲವೂ.

ಪ್ರಶ್ನೆಗಳ ಸಾಲು ಕೂಡ ಆ ಕ್ಷಣಕ್ಕೆ ತೋಚಿದ್ದಲ್ಲ. 1970ರ ದಶಕದ ಕೊನೆಯಲ್ಲಿ ಸಾಲ್ಟ್ ಲೇಕ್ ಸಿಟಿಯ ಜೆಫ್ ಕ್ಲಾಸನ್ ಎಂಬ ವೈದ್ಯರು ಕರೆ ಎತ್ತುವವರಿಗಾಗಿ ಪ್ರಶ್ನೆಗಳ ಕಾರ್ಡುಗಳನ್ನು ಮಾಡಿದರು. ಉತ್ತರಗಳನ್ನು ಹಿಡಿದು ಹೋದರೆ ಎಷ್ಟು ಗಂಭೀರ, ಯಾರನ್ನು ಎಷ್ಟು ವೇಗದಲ್ಲಿ ಕಳಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಗಾಡಿ ಬರುವ ಮುನ್ನ ಏನು ಮಾಡಬೇಕೆಂಬ ಸೂಚನೆಯೂ ಕಾರ್ಡಿನಲ್ಲೇ ಇರುತ್ತದೆ. ಆ ಪದ್ಧತಿ ಈಗ ಸಾವಿರಾರು ಕೇಂದ್ರಗಳಲ್ಲಿದೆ. ಎಲ್ಲ ಕರೆಗೂ ಎಲ್ಲ ಗಾಡಿ ಸೈರನ್ ಹಾಕಿಕೊಂಡು ಓಡಿದರೆ ನಿಜವಾಗಿ ಬೇಕಾದವರಿಗೆ ಗಾಡಿ ಉಳಿಯುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಅಂದ ಹಾಗೆ, ಎದೆನೋವೆಂದರೆ ಬೆಂಕಿ ಆರಿಸುವ ಕೆಂಪು ಗಾಡಿ ಯಾಕೆ ಬಂತು ಎಂದು ನಮ್ಮ ಹಿರಿಯರು ಬೆರಗಾಗುತ್ತಾರೆ. ಆಂಬುಲೆನ್ಸಿಗಿಂತ ಫೈರ್ ಸ್ಟೇಷನ್ನುಗಳು ಮನೆಗೆ ಹತ್ತಿರ, ಆ ಗಾಡಿಯಲ್ಲಿ ಪ್ಯಾರಾಮೆಡಿಕ್ಕುಗಳೂ ಇರುತ್ತಾರೆ. ಅದಕ್ಕೇ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಉಸಿರಿನದು. ಇದರ ಮೇಲೆ ಸ್ವಲ್ಪ ಹೆಚ್ಚು ಹೇಳಬೇಕು. ಹೃದಯ ನಿಂತ ಮನುಷ್ಯ ಕೂಡಲೇ ನಿಶ್ಚಲನಾಗುವುದಿಲ್ಲ. ಕೆಲವು ನಿಮಿಷ ಬಾಯಿ ತೆರೆದು ತೆರೆದು ಎಳೆದಂತೆ, ಗೊರಕೆ ಹೊಡೆದಂತೆ ಸದ್ದು ಬರಬಹುದು. ಇಂಗ್ಲಿಷಿನಲ್ಲಿ ನೋಡಿದವರು ಉಸಿರಾಡುತ್ತಿದ್ದಾರೆ ಎಂದುಬಿಡುತ್ತಾರೆ, ಕರೆ ಎತ್ತಿದವರು ದಾರಿ ತಪ್ಪುತ್ತಾರೆ. ಆದರೆ ನಮ್ಮ ಭಾಷೆಗೆ ಇದು ಹೊಸದಲ್ಲ. ಮೇಲುಸಿರು, ಊರ್ಧ್ವಶ್ವಾಸ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಇದನ್ನೇ. ಅವರ ಪಾಲಿಗೆ ಅದು ಕೊನೆಯ ಸೂಚನೆ. ಮಕ್ಕಳನ್ನು ಕರೆದು ಬಾಯಿಗೆ ಗಂಗೆ ಬಿಡಿಸುವ ಹೊತ್ತು. ಇಲ್ಲಿ ಅದು ಎದೆ ಒತ್ತಲು ಶುರುಮಾಡುವ ಹೊತ್ತು. ಬಾಯಿಗೆ ನೀರು ಬಿಡಬೇಡಿ. ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಕೈ ಇಟ್ಟು, ಎರಡು ಅಂಗುಲದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು. ಫೋನಿನಲ್ಲಿರುವವರು ಒಂದು ಎರಡು ಮೂರು ನಾಲ್ಕು ಎಂದು ಜೊತೆಗೇ ಎಣಿಸುತ್ತಾರೆ, ಗಾಡಿ ಬರುವವರೆಗೂ. ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತು ಕಡಿಮೆಯಾಗುತ್ತದೆ ಎಂಬುದು ಅಮೆರಿಕದ ಹೃದಯ ವೈದ್ಯರ ಲೆಕ್ಕ. ಎಷ್ಟೇ ಬೇಗ ಹೊರಟರೂ ಗಾಡಿಗೆ ಐದಾರು ನಿಮಿಷ ಬೇಕು. ಆ ಐದಾರು ನಿಮಿಷ ರೋಗಿಯ ಬಳಿ ಇರುವ ಕೈಗಳು ಫೋನು ಮಾಡಿದವರದ್ದು ಮಾತ್ರ. ಫೋನು ಇಡಬೇಡಿ ಎಂದು ಅವರು ಅಂಗಲಾಚುವುದು ಇದಕ್ಕೆ.

ಸರಿ, ಇಂಗ್ಲಿಷು ಬಾರದ ಅಮ್ಮ ಇದನ್ನೆಲ್ಲ ಹೇಗೆ ಹೇಳಬೇಕು? ಹೇಳಬೇಕಾದದ್ದು ಒಂದೇ ಪದ: ಕನ್ನಡ. ಫೋನಿನಲ್ಲಿ ದುಭಾಷಿಗಳನ್ನು ಒದಗಿಸುವ ಸೇವೆ ಹುಟ್ಟಿದ್ದು ಇದೇ ಸ್ಯಾನ್ ಹೋಸೆಯಲ್ಲಿ, 1982ರಲ್ಲಿ. ಯುದ್ಧದ ನಂತರ ಬಂದು ನೆಲೆಸಿದ್ದ ವಿಯೆಟ್ನಾಮಿನವರ ಮಾತು ಪೋಲೀಸರಿಗೆ ತಿಳಿಯದೆ ಪಟ್ಟ ಪಾಡಿನಿಂದ ಹುಟ್ಟಿದ ಆಲೋಚನೆ ಅದು. ಇಂದು ಇಂಥ ಸೇವೆಗಳ ಪಟ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಭಾಷೆಗಳಿವೆ, ಕನ್ನಡವೂ ಇದೆ. ಸ್ಪ್ಯಾನಿಷಿನಷ್ಟು ಬೇಗ ಸಿಗಲಿಕ್ಕಿಲ್ಲ. ಸಾಲಿನಲ್ಲಿ ಮೌನ ಬರುತ್ತದೆ, ಕ್ಲಿಕ್ಕೆನ್ನುತ್ತದೆ. ನಮ್ಮವರು ಕಟ್ಟಾಯಿತೆಂದು ಇಟ್ಟುಬಿಡುತ್ತಾರೆ. ಇಡಬಾರದು ಎಂದು ಮೊದಲೇ ಹೇಳಿಕೊಟ್ಟಿರಬೇಕು. ಇಂಡಿಯನ್ ಎಂದರೆ ಹಿಂದಿಯವರನ್ನು ಕರೆದುಬಿಡಬಹುದು, ಆದ್ದರಿಂದ ಕನ್ನಡ ಎಂದೇ ಹೇಳಬೇಕು. ದುಭಾಷಿ ಬರುವ ಮೊದಲೇ ವಿಳಾಸ ಓದಿದರೆ ಅರ್ಧ ಕೆಲಸ ಆದಂತೆ. ವಿಳಾಸವನ್ನು ಕನ್ನಡ ಲಿಪಿಯಲ್ಲಿ, ಅಂಕಿಗಳನ್ನು ಇಂಗ್ಲಿಷು ಉಚ್ಚಾರದಲ್ಲೇ ಬರೆದು ಫೋನಿನ ಪಕ್ಕ ಅಂಟಿಸಿಡಿ: ಟೂ ಒನ್ ಸೆವೆನ್ ಫೋರ್, ಇಂಥ ಸ್ಟ್ರೀಟ್, ಕ್ಯೂಪರ್ಟಿನೋ. ಒಂದೆರಡು ಸಲ ಜೋರಾಗಿ ಓದಿಸಿ. ನಮ್ಮ ಅನೇಕ ಅಮ್ಮಂದಿರು ಇದನ್ನು ಸಹಸ್ರನಾಮಕ್ಕಿಂತ ಬೇಗ ಬಾಯಿಪಾಠ ಮಾಡಿಕೊಳ್ಳುತ್ತಾರೆ.

ಮಕ್ಕಳಿಗೂ ಕಲಿಸಬೇಕು. ಟೆಕ್ಸಾಸಿನ ಮಾರ್ಷಲ್ ಎಂಬ ಊರಿನ ಹೋಟೆಲೊಂದರಲ್ಲಿ 2013ರಲ್ಲಿ ಕ್ಯಾರಿ ಹಂಟ್ ಎಂಬಾಕೆಯ ಕೊಲೆಯಾಯಿತು. ಅವಳ ಒಂಬತ್ತು ವರ್ಷದ ಮಗಳು ಹೇಳಿಕೊಟ್ಟಂತೆಯೇ 911 ಒತ್ತಿದಳು, ನಾಲ್ಕು ಸಲ. ಹೋಗಲಿಲ್ಲ. ಹೊರಗಿನ ಲೈನಿಗೆ ಮೊದಲು 9 ಒತ್ತಬೇಕಿತ್ತು. ಮಗುವಿಗೆ ಅದು ಹೇಗೆ ಗೊತ್ತು? ಅವಳ ಅಜ್ಜ ಹಟ ಹಿಡಿದು ನಡೆಸಿದ ಹೋರಾಟದಿಂದ 2018ರಲ್ಲಿ ಕ್ಯಾರೀಸ್ ಲಾ ಎಂಬ ಕಾನೂನು ಬಂತು. 2020ರ ಫೆಬ್ರವರಿಯಿಂದೀಚೆಗೆ ಹಾಕುವ ಹೋಟೆಲು, ಆಫೀಸುಗಳ ಫೋನು ವ್ಯವಸ್ಥೆಗಳಲ್ಲಿ ನೇರವಾಗಿ 911 ಹೋಗಲೇಬೇಕು. ಹಳೆಯ ವ್ಯವಸ್ಥೆ ಉಳಿದಿರುವ ಕಡೆ ಈಗಲೂ ಅನುಮಾನವೇ.

ಕೂತವರ ಕಡೆಯಿಂದಲೂ ಒಂದು ಮಾತು. ಎಷ್ಟು ಜನರನ್ನು ಕೂರಿಸಬೇಕೆಂಬ ಲೆಕ್ಕಕ್ಕೆ ಬಳಸುವುದು ನಮಗೆ ಎಂ.ಎಸ್. ಓದುವಾಗ ತಲೆ ತಿಂದ ಕ್ಯೂಯಿಂಗ್ ಥಿಯರಿ. ಟೆಲಿಫೋನು ಕರೆಗಳ ಬಗ್ಗೆ ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ಬರೆದದ್ದರ ಮೊಮ್ಮಗ. ನೂರರಲ್ಲಿ ತೊಂಬತ್ತು ಕರೆಗಳನ್ನು 15 ಸೆಕೆಂಡಿನೊಳಗೆ ಎತ್ತಬೇಕೆಂಬುದು ವೃತ್ತಿಸಂಘದ ಮಾನದಂಡ. ಆದರೆ ಒಂದು ಅಪಘಾತವಾದರೆ ಒಂದೇ ನಿಮಿಷದಲ್ಲಿ ಮೂವತ್ತು ಜನ ಫೋನು ಮಾಡುತ್ತಾರೆ, ಮೂವತ್ತೊಂದನೆಯದು ಬೇರೆ ಯಾರದೋ ಎದೆನೋವಾಗಿರಬಹುದು. ಗೃಹಪ್ರವೇಶದ ಹೋಮದ ಹೊಗೆಗೆ ಅಲಾರಂ ಕಂಪನಿಯಿಂದ ಹೋಗುವ ಕರೆಯೂ ಅದೇ ಕೋಣೆಗೇ ಸೇರುತ್ತದೆ, ಪುರೋಹಿತರು ತುಪ್ಪ ಸುರಿಯುವಾಗ ನೆನಪಿರಲಿ. ಹತ್ತು ಹನ್ನೆರಡು ಗಂಟೆಗಳ ಪಾಳಿ, ರಾತ್ರಿಯೂ, ಹಬ್ಬದ ದಿನವೂ. ಮಗುವಿನ ಎದೆ ಒತ್ತಿಸಿ ಎಣಿಸುತ್ತಿದ್ದವರಿಗೆ ಪ್ಯಾರಾಮೆಡಿಕ್ಕು ಬಂದ ಕ್ಷಣ ಫೋನು ಕಡಿಯುತ್ತದೆ. ಮಗು ಉಳಿಯಿತೋ ಇಲ್ಲವೋ ಅನೇಕ ಸಲ ತಿಳಿಯುವುದೇ ಇಲ್ಲ. ಅಷ್ಟರಲ್ಲಿ ಮುಂದಿನ ಕರೆ. ಇಂಥವರನ್ನು ಕೇಂದ್ರ ಸರ್ಕಾರದ ಉದ್ಯೋಗ ವರ್ಗೀಕರಣ 2018ರ ಪರಿಷ್ಕರಣೆಯಲ್ಲೂ ಆಫೀಸು ಗುಮಾಸ್ತರ ಗುಂಪಿನಲ್ಲಿಟ್ಟಿತು. ಕ್ಯಾಲಿಫೋರ್ನಿಯಾ 2020ರಲ್ಲಿ ಕಾನೂನು ಮಾಡಿ ಇವರನ್ನೂ ಮೊದಲು ನೆರವಿಗೆ ಧಾವಿಸುವವರ ಸಾಲಿಗೆ ಸೇರಿಸಿದ್ದು ನಮಗೆ ಸರಿಯೆನಿಸುತ್ತದೆ.

ಇಷ್ಟೆಲ್ಲ ವ್ಯವಸ್ಥೆಯೂ ನಿಂತಿರುವುದು ತಂತಿಯ ಮೇಲೆ. 2009ರ ಏಪ್ರಿಲ್ 9ರ ನಡುರಾತ್ರಿ ಯಾರೋ ಸ್ಯಾನ್ ಹೋಸೆಯಲ್ಲಿ ನೆಲದಡಿಯ ಫೈಬರ್ ಕೇಬಲ್ಲುಗಳನ್ನು ಕತ್ತರಿಸಿಹಾಕಿದರು. ಬೆಳಗಾಗುವಷ್ಟರಲ್ಲಿ ಕೌಂಟಿಯ ದಕ್ಷಿಣದ ಮಾರ್ಗನ್ ಹಿಲ್, ಗಿಲ್‌ರಾಯ್ ಕಡೆ ಲ್ಯಾಂಡ್‌ಲೈನು, ಮೊಬೈಲು, ಇಂಟರ್‌ನೆಟ್ಟು, 911 ಎಲ್ಲವೂ ಸತ್ತಿದ್ದವು. ಪಕ್ಕದ ಸಾಂಟಾ ಕ್ರೂಸ್ ಕೌಂಟಿಗೂ ಬಿಸಿ ತಟ್ಟಿತು. ಆ ದಿನ ಕೈಹಿಡಿದವರು ಹ್ಯಾಮ್ ರೇಡಿಯೋದ ಹವ್ಯಾಸಿಗಳು. ಕಣಿವೆಯ ಹೊಸ ತಂತ್ರಜ್ಞಾನವೆಲ್ಲ ಕೈಕೊಟ್ಟಾಗ ಅಜ್ಜನ ಕಾಲದ ರೇಡಿಯೋ ಬೇಕಾಯಿತು. ಬೆನ್ನಿಗೊಂದು ಬ್ಯಾಕಪ್ಪು ಎಂದು ನಾವು ದಿನವೂ ಉಪದೇಶ ಮಾಡುವವರಲ್ಲವೇ?

ಕೊನೆಯದಾಗಿ ಒಂದು ಸಂದರ್ಭ. ಅಪ್ಪ ಅಮ್ಮ ಕ್ಯೂಪರ್ಟಿನೋದ ಮನೆಯಲ್ಲಿ, ನೀವು ಕೆಲಸದ ಮೇಲೆ ಡಲಾಸಿನಲ್ಲಿ. ವಿಡಿಯೋದಲ್ಲಿ ಮಾತಾಡುತ್ತಿದ್ದಂತೆ ಅಪ್ಪ ಕುಸಿದರು. ನೀವು 911 ಒತ್ತಿದರೆ ಎತ್ತುವುದು ಡಲಾಸಿನವರು. ಅವರು ಕ್ಯೂಪರ್ಟಿನೋದ ಕೇಂದ್ರ ಯಾವುದೆಂದು ಹುಡುಕಿ ದಾಟಿಸಬಲ್ಲರು, ಆದರೆ ಹುಡುಕುವ ಹೊತ್ತು ಅಪ್ಪನದು. ಪ್ರತಿ ಕೇಂದ್ರಕ್ಕೂ ಹತ್ತಂಕಿಯ ಮಾಮೂಲಿ ಫೋನು ನಂಬರೊಂದು ಇರುತ್ತದೆ. ಮನೆ ಯಾವ ಕೇಂದ್ರಕ್ಕೆ ಸೇರುತ್ತದೆಂದು ತಿಳಿದು, ಆ ನಂಬರನ್ನು ಇವತ್ತೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಅಪ್ಪ ಇರುವುದು ಬೆಂಗಳೂರಿನಲ್ಲಾದರೆ ಇಲ್ಲಿನ ಯಾವ ಕೇಂದ್ರವೂ ಅಲ್ಲಿಗೆ ಗಾಡಿ ಕಳಿಸಲಾರದು, ಇಲ್ಲಿಂದ 108 ಒತ್ತಿದರೂ ಹೋಗದು. ಅಲ್ಲಿ ಬೇಕಾದದ್ದು ಗೋಡೆಯಾಚೆಯ ಮನೆಯವರ ನಂಬರು, ಮತ್ತು ಅವರ ಬಳಿ ನಿಮ್ಮ ಮನೆಯ ಇನ್ನೊಂದು ಬೀಗದ ಕೈ.